ಹೆಸರಿನ ನೋಟಿಸ್ ಬಂದರೆ ಏನು ಮಾಡಬೇಕು? ಟ್ರೇಡ್‌ಮಾರ್ಕ್, ಕಾಪಿರೈಟ್, ಪೇಟೆಂಟ್ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರು ಜಿಲ್ಲೆಯವರ ಚರ್ಚೆ

ಬಟವಾಡಿ ಹಿಟ್ಟಿನ ಗಿರಣಿ:
ಎಲ್ಲರಿಗೂ ನಮಸ್ಕಾರ. ರಾಗಿ ಹುರಿಹಿಟ್ಟು, ಸಾರಿನ ಪುಡಿ, ಚಟ್ನಿಪುಡಿ ಪ್ಯಾಕೆಟ್ ಮಾಡಿ ತುಮಕೂರು, ಕುಣಿಗಲ್, ಶಿರಾ ಅಂಗಡಿಗಳಿಗೆ ಹಾಕುತ್ತೇವೆ. 2014ರಿಂದ ಒಂದೇ ಹೆಸರು, ನೋಂದಣಿ ಮಾಡಿಸಿಲ್ಲ. ಈಗ ಬೇರೆ ಜಿಲ್ಲೆಯ ಕಂಪನಿಯೊಂದರ ವಕೀಲರಿಂದ ನೋಟಿಸ್ ಬಂದಿದೆ: ಹೆಸರು ತಮ್ಮದು, 15 ದಿನದಲ್ಲಿ ನಿಲ್ಲಿಸಿ ಅಂತ. ಪೇಟೆಂಟ್ ಮಾಡಿಸಿಬಿಡಿ ಅಂತ ಒಬ್ಬರು, ಕಾಪಿರೈಟ್ ಸಾಕು ಅಂತ ಇನ್ನೊಬ್ಬರು ಹೇಳ್ತಾರೆ. ಹೆಸರು ಬದಲಾಯಿಸಬೇಕಾ?

ಗುಬ್ಬಿ ಗೇಟ್:
ಸದ್ಯಕ್ಕೆ ಹೆಸರು ಬದಲಾಯಿಸಬೇಡಿ. ಸಿಟ್ಟಿನಲ್ಲಿ ಫೋನ್ ಮಾಡಿ ಅವರ ಜೊತೆ ಮಾತಾಡಲೂ ಹೋಗಬೇಡಿ.

ಪೇಟೆಂಟ್ ಇಲ್ಲಿಗೆ ಸಂಬಂಧವೇ ಇಲ್ಲ, ಅದು ಹೊಸ ಆವಿಷ್ಕಾರಕ್ಕೆ. ಕಾಪಿರೈಟ್ ಬರೆದದ್ದಕ್ಕೆ, ಚಿತ್ರಕ್ಕೆ, ಹಾಡಿಗೆ, ಸಿನಿಮಾಕ್ಕೆ. ಒಂದೆರಡು ಪದದ ಹೆಸರಿಗೆ ಕಾಪಿರೈಟ್ ನಿಲ್ಲೋದಿಲ್ಲ. ಸರಕಿನ ಹೆಸರು, ಅಂಗಡಿ ಹೆಸರು, ಲೋಗೊ ಇವಕ್ಕೆ ಟ್ರೇಡ್‌ಮಾರ್ಕ್, 1999ರ ಕಾಯ್ದೆ.

ಮೊದಲ ಕೆಲಸ: ನೋಟಿಸಿನಲ್ಲಿ ಅವರ ಅರ್ಜಿ ಸಂಖ್ಯೆ ಇರುತ್ತೆ. ಇಲ್ಲದಿದ್ದರೆ ಅದೇ ಒಂದು ಸುಳಿವು. ಕೇಂದ್ರ ಸರ್ಕಾರದ ಐಪಿ ಇಂಡಿಯಾ ವೆಬ್‌ಸೈಟಿನಲ್ಲಿ ಟ್ರೇಡ್‌ಮಾರ್ಕ್ ಸ್ಟೇಟಸ್‌ಗೆ ಹೋಗಿ ಆ ಸಂಖ್ಯೆ ಹಾಕಿ, ದುಡ್ಡು ಕೊಡಬೇಕಿಲ್ಲ. ಅಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ. ಸ್ಟೇಟಸ್ ಏನು, ಯಾವ ಕ್ಲಾಸ್ (ಸರಕಿನ ವರ್ಗ), ಅರ್ಜಿ ಹಾಕಿದ ದಿನ, ಬಳಕೆ ಯಾವತ್ತಿನಿಂದ ಅಂತ ಅವರು ಹೇಳಿಕೊಂಡಿದ್ದಾರೆ. ಸ್ಟೇಟಸ್ ‘ರಿಜಿಸ್ಟರ್ಡ್’ ಅಂತಿದ್ದರೆ ಮಾತು ಬೇರೆ. ‘ಆಬ್ಜೆಕ್ಟೆಡ್’ (ಕಚೇರಿಯ ಆಕ್ಷೇಪಣೆ ಇದೆ), ‘ಅಪೋಸ್ಡ್’ (ಬೇರೆಯವರು ವಿರೋಧಿಸಿದ್ದಾರೆ), ‘ಅಬಾಂಡನ್ಡ್’ (ಕೈಬಿಟ್ಟದ್ದು) ಅಂತಿದ್ದರೆ ಅವರ ಕೈಯಲ್ಲಿ ಇರೋದು ಬರೀ ಅರ್ಜಿ. ಬರೀ ಅರ್ಜಿಯ ಬಲದ ಮೇಲೆ ಉಲ್ಲಂಘನೆ ದಾವೆ ಹೂಡೋಕೆ ಆಗಲ್ಲ.

ಚಿಂತಾಮಣಿ ವಕೀಲರು:
ಅವರದ್ದು ನೋಂದಣಿ ಆಗಿದ್ದರೂ ನಿಮ್ಮದು ಮುಗಿಯಿತು ಅಂತಲ್ಲ. ಸೆಕ್ಷನ್ 34 ಓದಿ. ಅವರು ಬಳಸೋಕೆ ಶುರು ಮಾಡಿದ ದಿನ, ಅವರ ನೋಂದಣಿಯ ದಿನ, ಈ ಎರಡರಲ್ಲಿ ಯಾವುದು ಮೊದಲೋ ಅದಕ್ಕಿಂತ ಮುಂಚಿನಿಂದ ನೀವು ಬಿಡದೆ ಬಳಸುತ್ತಿದ್ದರೆ ನಿಮ್ಮನ್ನು ತಡೆಯುವ ಹಾಗಿಲ್ಲ. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವ ಹೆಸರಿನ ಜಗಳದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದ್ದೂ ಅದೇ: ಮೊದಲು ಬಳಸಿದವನ ಹಕ್ಕು ನೋಂದಣಿ ಮಾಡಿಸಿದವನ ಹಕ್ಕಿಗಿಂತ ಮೇಲು.

‘2014ರಿಂದ’ ಅಂತ ಬಾಯಲ್ಲಿ ಹೇಳಿದರೆ ಸಾಲದು, ಕಾಗದ ಬೇಕು. ಹೆಸರು ಅಚ್ಚಾಗಿರುವ ಬಿಲ್ ಪುಸ್ತಕ, ಪ್ಯಾಕೆಟ್ ಕವರ್ ಮುದ್ರಿಸಿದ ಪ್ರೆಸ್ಸಿನ ಬಿಲ್, ಎಫ್‌ಎಸ್‌ಎಸ್‌ಎಐ ಪ್ರಮಾಣಪತ್ರ, ಅಂಗಡಿಯವರು ಕೊಟ್ಟ ಚೆಕ್ ನಿಮ್ಮ ಖಾತೆಗೆ ಜಮಾ ಆದ ಪಾಸ್‌ಬುಕ್ ಪುಟ, ಜಾತ್ರೆ ಸ್ಮರಣ ಸಂಚಿಕೆಗೆ ಕೊಟ್ಟ ಜಾಹೀರಾತು. ವರ್ಷಕ್ಕೆ ಎರಡಾದರೂ ಇರಬೇಕು, ಮಧ್ಯೆ ವರ್ಷಗಳು ಖಾಲಿ ಬಿದ್ದರೆ ‘ಬಿಡದೆ’ ಅನ್ನೋ ಮಾತೇ ಬೀಳುತ್ತೆ. ಬಹಳ ಜನರ ಹತ್ತಿರ ಇರೋ ಬಿಲ್ಲಿನಲ್ಲಿ ಮಾಲೀಕರ ಹೆಸರು ಇರುತ್ತೆ, ಬ್ರ್ಯಾಂಡ್ ಹೆಸರೇ ಇರಲ್ಲ. ‘ಸಾರಿನ ಪುಡಿ 20 ಕೆಜಿ’ ಅಂತ ಬರೆದ ಬಿಲ್ ಈ ಕೆಲಸಕ್ಕೆ ಬರಲ್ಲ. ಥರ್ಮಲ್ ಪ್ರಿಂಟರಿನ ಬಿಲ್ ಇದ್ದರೆ ಇವತ್ತೇ ಜೆರಾಕ್ಸ್ ಮಾಡಿಸಿ, ಅಕ್ಷರ ಮಾಸಿಹೋಗುತ್ತೆ.

ಗುಬ್ಬಿ ಗೇಟ್:
ಜೊತೆಗೆ ಅರ್ಜಿ ಹಾಕಿಬಿಡಿ, ಕಾಯಬೇಡಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ, ಆದರೆ ಹೋಗೋದು ಬೇಡ, ಆನ್‌ಲೈನ್ ಸಾಕು. ಟಿಎಂ-ಎ ಫಾರಂ. ಒಬ್ಬ ವ್ಯಕ್ತಿಯ ಹೆಸರಿನಲ್ಲಿ, ಸ್ಟಾರ್ಟ್‌ಅಪ್ ಅಥವಾ ಸಣ್ಣ ಉದ್ದಿಮೆ ಹೆಸರಿನಲ್ಲಿ ಹಾಕಿದರೆ ಒಂದು ಕ್ಲಾಸಿಗೆ 4,500 ರೂಪಾಯಿ. ಉಳಿದವರಿಗೆ 9,000. ಪಾಲುದಾರಿಕೆ ಸಂಸ್ಥೆಯವರು ಸಣ್ಣ ಉದ್ದಿಮೆ ಅಂತ ತೋರಿಸೋ ಉದ್ಯಮ್ ಪ್ರಮಾಣಪತ್ರ ಲಗತ್ತಿಸದೆ 4,500 ಕಟ್ಟಿ ಆಮೇಲೆ ಆಕ್ಷೇಪಣೆ ಎದುರಿಸೋದು ಬಹಳ.

ಕ್ಲಾಸ್ ಒಟ್ಟು 45. 1ರಿಂದ 34 ಸರಕು, 35ರಿಂದ 45 ಸೇವೆ. ನಿಮ್ಮ ಹುರಿಹಿಟ್ಟು, ಮಸಾಲೆ 30ನೇ ಕ್ಲಾಸು. ನಾಳೆ ಉಪ್ಪಿನಕಾಯಿ ಮಾಡ್ತೀರಿ ಅಂದರೆ ಅದು 29. ಇಲ್ಲೇ ಜನ ಎಡವೋದು. ತಿಪಟೂರಿನವರಿಗೆ ಹೇಳ್ತೀನಿ: ತೆಂಗಿನಕಾಯಿ 31, ಒಣಗಿಸಿದ ಕೊಬ್ಬರಿ ತುರಿ 29, ಅಡುಗೆಯ ಕೊಬ್ಬರಿ ಎಣ್ಣೆ 29, ಅದೇ ಎಣ್ಣೆ ತಲೆಗೆ ಹಚ್ಚೋ ಎಣ್ಣೆ ಅಂತ ಮಾರಿದರೆ 3. ಬಾಟಲಿ ಒಂದೇ, ಗಾಣ ಒಂದೇ, ಕ್ಲಾಸ್ ಬೇರೆ. ಅಗರಬತ್ತಿಯೂ 3. ಹೋಟೆಲು 43.

ಬಟವಾಡಿ ಹಿಟ್ಟಿನ ಗಿರಣಿ:
ಹೆಸರು ಖಾಲಿ ಇದೆಯಾ ಅಂತ ನೋಡೋಕೆ ಹುಡುಕಿದೆ, ಏನೂ ಸಿಗಲಿಲ್ಲ. ಕನ್ನಡದಲ್ಲಿ ಟೈಪ್ ಮಾಡಿದ್ದೆ.

ಗುಬ್ಬಿ ಗೇಟ್:
ಅದಕ್ಕೇ ಸಿಗಲಿಲ್ಲ. ದಾಖಲೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಬೇಕು, ಅದೂ ಒಂದೇ ಕಾಗುಣಿತದಲ್ಲಿ ಅಲ್ಲ. ‘ನಂದಿ’ ಅನ್ನೋ ಹೆಸರನ್ನೇ ತಗೊಳ್ಳಿ. ಕೊನೆಯಲ್ಲಿ ‘ಐ’ ಒಂದು ಸಲ, ಎರಡು ‘ಇ’ ಒಂದು ಸಲ, ‘ಡಿ’ ಒಂದು ಸಲ, ‘ಡಿಎಚ್’ ಒಂದು ಸಲ. ವರ್ಡ್‌ಮಾರ್ಕ್ ಹುಡುಕಾಟದಲ್ಲಿ ‘ಸ್ಟಾರ್ಟ್ ವಿತ್’, ‘ಕಂಟೇನ್ಸ್’ ಎರಡನ್ನೂ ಹಾಕಿ, ಆಮೇಲೆ ‘ಫೊನೆಟಿಕ್’ ಹುಡುಕಾಟ. ಅದೇ ಕ್ಲಾಸಿನ ಜೊತೆ ಅಕ್ಕಪಕ್ಕದ ಕ್ಲಾಸಲ್ಲೂ ನೋಡಿ. ಆಹಾರಕ್ಕೆ 29, 30, 31, 32, 43 ಐದನ್ನೂ ನೋಡದೆ ಹೆಸರು ಖಾಲಿ ಅನ್ನಬೇಡಿ.

ಅರ್ಜಿಯಲ್ಲಿ ಗುರುತು ಕನ್ನಡ ಅಕ್ಷರದಲ್ಲಿದ್ದರೆ ಅದರ ಉಚ್ಚಾರಣೆ ಇಂಗ್ಲಿಷ್ ಅಥವಾ ಹಿಂದಿ ಅಕ್ಷರದಲ್ಲಿ ಹೇಗೆ, ಅರ್ಥ ಏನು ಅಂತ ಕೊಡಬೇಕು. 2017ರ ನಿಯಮಗಳಲ್ಲಿ ಇದೆ. ಕೊಡದಿದ್ದರೆ ಅಲ್ಲೇ ನಿಲ್ಲುತ್ತೆ.

ಬಳಕೆಯ ದಿನಾಂಕ ಹಾಕೋ ಜಾಗದಲ್ಲಿ ಎಚ್ಚರಿಕೆ. ‘ಇನ್ನು ಮುಂದೆ ಬಳಸಬೇಕು ಅಂತಿದ್ದೇವೆ’ ಅನ್ನೋದನ್ನು ಸುಲಭ ಅಂತ ಬಹಳ ಏಜೆಂಟರು ಹಾಕಿಬಿಡ್ತಾರೆ, ಯಾಕಂದರೆ ಅದಕ್ಕೆ ಅಫಿಡವಿಟ್ ಬೇಡ. ನಿಮ್ಮ ಹತ್ತು ವರ್ಷದ ಬಳಕೆಯನ್ನು ನೀವೇ ಸಹಿ ಹಾಕಿ ಇಲ್ಲ ಅಂದಹಾಗೆ ಆಗುತ್ತೆ. ನಾಳೆ ಸೆಕ್ಷನ್ 34 ಅಂತ ಕೋರ್ಟಿಗೆ ಹೋದಾಗ ಎದುರಿನವರು ಮೊದಲು ತೋರಿಸೋದು ಅದನ್ನೇ. 2014ರ ದಿನಾಂಕ ಹಾಕಿ, ನೋಟರಿ ಮಾಡಿಸಿದ ಅಫಿಡವಿಟ್ ಜೊತೆ ಮೇಲೆ ವಕೀಲರು ಹೇಳಿದ ಕಾಗದ ಸೇರಿಸಿ.

ಕ್ಯಾತಸಂದ್ರ:
ಹೋಟೆಲಿನವರ ಪರವಾಗಿ ಕೇಳ್ತಿದೀನಿ. ‘ತುಮಕೂರು ತಟ್ಟೆ ಇಡ್ಲಿ’ ಅಂತ ಬೋರ್ಡ್ ಇದೆ. ಇದನ್ನು ಬೇರೆ ಯಾರೂ ಹಾಕಬಾರದು ಅಂತ ನೋಂದಣಿ ಮಾಡಿಸಬಹುದಾ?

ಚಿಂತಾಮಣಿ ವಕೀಲರು:
ಇಲ್ಲ, ಮಾಡಿಸಲೂಬಾರದು. ತುಮಕೂರು ಊರ ಹೆಸರು, ತಟ್ಟೆ ಇಡ್ಲಿ ತಿಂಡಿಯ ಹೆಸರು. ಸೆಕ್ಷನ್ 9ರ ಕೆಳಗೆ ಇಂಥದ್ದಕ್ಕೆ ಆಕ್ಷೇಪಣೆ ಖಂಡಿತ. ಹೆದ್ದಾರಿಯಲ್ಲಿ ತಟ್ಟೆ ಇಡ್ಲಿ ಮಾಡೋ ಎಲ್ಲರಿಗೂ ಆ ಮಾತು ಬೇಕು. ತಟ್ಟೆ ಇಡ್ಲಿಯ ಹಿಂದೆ ನಿಮ್ಮದೇ ಒಂದು ಹೆಸರು ಸೇರಿಸಿ, ರಕ್ಷಣೆ ಸಿಗೋದು ಆ ಹೆಸರಿಗೆ. ನೋಂದಣಿ ಆದ ಮೇಲೂ ‘ತಟ್ಟೆ ಇಡ್ಲಿ’ ಭಾಗ ನಿಮ್ಮೊಬ್ಬರದ್ದಲ್ಲ.

ಅಗರಬತ್ತಿಯವರಿಗೆ ಇನ್ನೊಂದು ಮಾತು. ತುಮಕೂರು ಕಡೆ ಬತ್ತಿ ಹೊಸೆಯೋ ಮನೆಗಳು ಬಹಳ, ಬ್ರ್ಯಾಂಡ್ ಇಡೋಕೆ ಹೊರಟಾಗ ಎಲ್ಲರೂ ದೇವರ ಹೆಸರಿಗೇ ಕೈ ಹಾಕ್ತಾರೆ. ‘ರಾಮಾಯಣ’ ಅನ್ನೋ ಹೆಸರನ್ನು ಅಗರಬತ್ತಿಗೆ ತನ್ನದು ಅಂತ ಕೇಳಿದ ವ್ಯಾಪಾರಿಗೆ ಸುಪ್ರೀಂ ಕೋರ್ಟ್ 2015ರಲ್ಲಿ ಇಲ್ಲ ಅಂದಿತು. ಪವಿತ್ರ ಗ್ರಂಥದ ಹೆಸರು ಒಬ್ಬರ ಸೊತ್ತಾಗಲ್ಲ. ದೇವರ ಹೆಸರಿಗೆ ಬೇರೊಂದು ಪದ, ನಿಮ್ಮದೇ ಚಿತ್ರ ಸೇರಿಸಿದರೆ ಇಡಿಯಾಗಿ ಸಿಕ್ಕರೂ ಸಿಗಬಹುದು, ಆದರೆ ದೇವರ ಹೆಸರನ್ನು ಬೇರೆಯವರು ಬಳಸದಂತೆ ತಡೆಯೋ ಶಕ್ತಿ ಅದಕ್ಕಿರಲ್ಲ.

ಗುಬ್ಬಿ ಗೇಟ್:
ಒಂದೇ ಹೆಸರು ಇಬ್ಬರ ಹತ್ತಿರ ಇರೋದು ಸಾಧ್ಯವಾ ಅಂತ ಕೇಳೋರಿಗೆ ನಮ್ಮದೇ ರಾಜ್ಯದ ಉದಾಹರಣೆ ಇದೆ. ಹಾಲು ಮಹಾಮಂಡಳದ ‘ನಂದಿನಿ’ 1985ರಿಂದ. ಬೆಂಗಳೂರಿನ ‘ನಂದಿನಿ ಡಿಲಕ್ಸ್’ ಹೋಟೆಲು 1989ರಿಂದ, ಇಂಗ್ಲಿಷಿನಲ್ಲಿ ಒಂದು ‘ಎಚ್’ ಹೆಚ್ಚು. ಹೋಟೆಲಿನವರು 29, 30ನೇ ಕ್ಲಾಸಿನ ಸರಕಿಗೆ ಅರ್ಜಿ ಹಾಕಿದಾಗ ಮಹಾಮಂಡಳ ವಿರೋಧಿಸಿತು. 2018ರ ಜುಲೈ 26ರಂದು ಸುಪ್ರೀಂ ಕೋರ್ಟ್ ಹೋಟೆಲಿನ ಪರ ತೀರ್ಪು ಕೊಟ್ಟಿತು, ಹಾಲು ಮತ್ತು ಹಾಲಿನ ಉತ್ಪನ್ನ ಬಿಟ್ಟು. ಒಂದು ಕ್ಲಾಸಿನಲ್ಲಿ ಒಂದು ಸರಕಿಗೆ ಹೆಸರು ಇದೆ ಅಂದಮಾತ್ರಕ್ಕೆ ಆ ಕ್ಲಾಸೆಲ್ಲ ಅವರದ್ದಾಗಲ್ಲ. ಅದಕ್ಕೇ ಅರ್ಜಿಯಲ್ಲಿ ಸರಕಿನ ವಿವರ ನಿಖರವಾಗಿ ಬರೀರಿ. ‘30ನೇ ಕ್ಲಾಸಿನ ಎಲ್ಲ ಸರಕು’ ಅಂತ ಬರೆದರೆ ದೊಡ್ಡದಾಗಿ ಕಾಣುತ್ತೆ, ಬೇಡದ ಆಕ್ಷೇಪಣೆಯನ್ನು ಕರೆದು ಕೂರಿಸುತ್ತೆ.

ಅರ್ಜಿ ಆದ ಮೇಲೆ ಏನಾಗುತ್ತೆ ಅಂತಲೂ ಹೇಳಿಬಿಡ್ತೀನಿ. ಪರೀಕ್ಷಾ ವರದಿ ಬರುತ್ತೆ. ಸೆಕ್ಷನ್ 9 ಅಂದರೆ ಹೆಸರೇ ಸರಿಯಿಲ್ಲ, ಸೆಕ್ಷನ್ 11 ಅಂದರೆ ಬೇರೆಯವರದ್ದಕ್ಕೆ ಹತ್ತಿರ ಇದೆ. ತಲುಪಿದ 30 ದಿನದೊಳಗೆ ಉತ್ತರ. ಉತ್ತರ ಒಪ್ಪಿಗೆ ಆಗದಿದ್ದರೆ ವಿಡಿಯೊ ಮೂಲಕ ವಿಚಾರಣೆ. ಆಮೇಲೆ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟಣೆ, ಅಲ್ಲಿಂದ 4 ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ವಿರೋಧ ಬಂದರೆ ನೋಟಿಸ್ ತಲುಪಿದ 2 ತಿಂಗಳಲ್ಲಿ ಪ್ರತಿ ಹೇಳಿಕೆ ಕೊಡಲೇಬೇಕು. ಈ 2 ತಿಂಗಳಿಗೆ ಒಂದು ದಿನವೂ ಹೆಚ್ಚಿಗೆ ಸಿಗಲ್ಲ, ಮೀರಿದರೆ ಅರ್ಜಿ ಕೈಬಿಟ್ಟಂತೆ.

ಅರ್ಜಿಗಳು ಸಾಯೋದು ಬಹುಪಾಲು ಇಲ್ಲೇ. ಕಾನೂನು ಗೊತ್ತಿಲ್ಲದೆ ಅಲ್ಲ, ಇ-ಮೇಲ್ ನೋಡದೆ. ಅರ್ಜಿಯಲ್ಲಿ ಏಜೆಂಟನ ಇ-ಮೇಲ್, ಏಜೆಂಟನ ಫೋನು. ಅವನು ದುಡ್ಡು ತಗೊಂಡು ನಂಬರ್ ಕೊಟ್ಟು ಮರೆತಿರ್ತಾನೆ. ನಂಬರ್ ನಿಮ್ಮ ಹತ್ತಿರ ಇರಲಿ, ತಿಂಗಳಿಗೆ ಎರಡು ಸಲ ನೀವೇ ಸ್ಟೇಟಸ್ ನೋಡಿ.

ಪ್ಯಾಕೆಟ್ ಮುದ್ರಿಸೋವಾಗ ಮೂಲೆಯಲ್ಲಿ ‘ಟಿಎಂ’ ಅಂತ ಚಿಕ್ಕದಾಗಿ ಇವತ್ತಿನಿಂದಲೇ ಹಾಕಬಹುದು. ವೃತ್ತದೊಳಗೆ ‘ಆರ್’ ಇರೋ ಗುರುತು ನೋಂದಣಿ ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ. ಅರ್ಜಿ ಹಾಕಿದ ಖುಷಿಗೆ ‘ಆರ್’ ಹಾಕಿ ಹತ್ತು ಸಾವಿರ ಕವರ್ ಮುದ್ರಿಸಿದರೆ ಸೆಕ್ಷನ್ 107ರ ಕೆಳಗೆ ತಪ್ಪು. ಪ್ರೆಸ್ಸಿನ ಹುಡುಗರು ಅಂದಕ್ಕೆ ಅಂತ ತಾವೇ ಹಾಕಿಬಿಡ್ತಾರೆ, ಪ್ರೂಫ್ ನೋಡುವಾಗ ಆ ಮೂಲೆ ನೋಡಿ.

ಸಿಕ್ಕಿದ ನೋಂದಣಿ ಅರ್ಜಿ ದಿನದಿಂದ 10 ವರ್ಷ. ನವೀಕರಣ ಕ್ಲಾಸಿಗೆ 9,000, ಎಷ್ಟು ಸಲ ಬೇಕಾದರೂ ಮಾಡಬಹುದು. ಆದರೆ ನೋಂದಣಿ ಮಾಡಿಸಿ 5 ವರ್ಷಕ್ಕೂ ಮೇಲೆ ಬಳಸದೇ ಇಟ್ಟರೆ ಬೇರೆಯವರು ತೆಗೆಸಬಹುದು, ಸೆಕ್ಷನ್ 47.

ಬಂಗಾರಪೇಟೆ ಫೋಟೊ:
ಕಾಪಿರೈಟ್ ವಿಷಯ. ಮದುವೆ ಫೋಟೊ ತೆಗೆಯೋದು ನಾವು, ಹಕ್ಕು ಯಾರದ್ದು? ಕೋಲಾರದ ಸ್ಟುಡಿಯೊಗಳಲ್ಲಿ ಇದೇ ಜಗಳ.

ಚಿಂತಾಮಣಿ ವಕೀಲರು:
ಸಾಮಾನ್ಯವಾಗಿ ಮಾಡಿದವನದ್ದೇ ಕಾಪಿರೈಟ್. ಫೋಟೊದಲ್ಲಿ ಮಾತ್ರ ಇದು ತಿರುಗಿಬೀಳುತ್ತೆ. 1957ರ ಕಾಯ್ದೆಯ ಸೆಕ್ಷನ್ 17ರಲ್ಲಿ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊ, ಭಾವಚಿತ್ರ, ವಿಡಿಯೊ ಇವುಗಳ ಮೊದಲ ಒಡೆಯ ತೆಗೆಸಿದವನು, ಬೇರೆ ಒಪ್ಪಂದ ಇಲ್ಲದಿದ್ದರೆ. ಅಂದರೆ ಮದುಮಕ್ಕಳ ಫೋಟೊವನ್ನು ನಿಮ್ಮ ಅಂಗಡಿ ಫ್ಲೆಕ್ಸ್‌ಗೆ, ಇನ್‌ಸ್ಟಾಗ್ರಾಮ್‌ಗೆ ಹಾಕಬೇಕಾದರೆ ಅವರನ್ನು ಕೇಳಬೇಕು. ಆರ್ಡರ್ ರಸೀದಿಯ ಕೆಳಗೆ ಒಂದು ಸಾಲು ಅಚ್ಚು ಹಾಕಿಸಿ: ಆಯ್ದ ಫೋಟೊಗಳನ್ನು ಸ್ಟುಡಿಯೊ ತನ್ನ ಪ್ರಚಾರಕ್ಕೆ ಬಳಸಬಹುದು, ಅದಕ್ಕೆ ನಮ್ಮ ಒಪ್ಪಿಗೆ ಇದೆ. ಸಹಿ ಹಾಕಿಸಿಕೊಳ್ಳಿ. ಒಪ್ಪದವರದ್ದು ಹಾಕಬೇಡಿ.

ಲೋಗೊ ಬೇರೆ. ಗ್ರಾಫಿಕ್ಸ್ ಹುಡುಗನಿಗೆ 2,000 ಕೊಟ್ಟು ಲೋಗೊ ಮಾಡಿಸಿದರೆ ಹಕ್ಕು ತಾನಾಗೇ ನಿಮ್ಮದಾಯಿತು ಅಂತ ನಂಬಿ ಕೂರಬೇಡಿ. ಬಟವಾಡಿಯವರೇ, ನಿಮ್ಮ ಪ್ಯಾಕೆಟ್ ಚಿತ್ರಕ್ಕೂ ಇದು ಅನ್ವಯ. ಬರೆದು, ಸಹಿ ಹಾಕಿಸಿ ವರ್ಗಾಯಿಸಿಕೊಳ್ಳಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ಓದುತ್ತೆ. ಎಲ್ಲಿಯವರೆಗೆ ಅಂತ ಬರೆಯದಿದ್ದರೆ ಭಾರತ ಮಾತ್ರ. ವರ್ಗಾವಣೆ ಆದ ಹಕ್ಕನ್ನು ಒಂದು ವರ್ಷ ಬಳಸದಿದ್ದರೆ ಅದು ಬಿದ್ದುಹೋಗುತ್ತೆ, ಹಾಗಾಗಬಾರದು ಅಂತ ಪತ್ರದಲ್ಲೇ ಬರೆದಿದ್ದರೆ ಉಳಿಯುತ್ತೆ. ಹೀಗೆ ಬರೀರಿ: ಈ ಚಿತ್ರದ ಎಲ್ಲ ಹಕ್ಕು, ಕಾಪಿರೈಟಿನ ಪೂರ್ತಿ ಅವಧಿಗೆ, ಜಗತ್ತಿನೆಲ್ಲೆಡೆಗೆ, ಇಷ್ಟು ಹಣಕ್ಕೆ, ಬಳಸದೇ ಇದ್ದರೂ ಹಕ್ಕು ಮರಳುವುದಿಲ್ಲ. ಐದು ಸಾಲಿನ ಕೆಲಸ.

ಮಧುಗಿರಿ ರಂಗ:
ಊರ ಹಬ್ಬಕ್ಕೆ ಪೌರಾಣಿಕ ನಾಟಕ ಆಡ್ತಾರೆ. ಹಾರ್ಮೋನಿಯಂ ಮೇಷ್ಟ್ರು ಹಳೇ ಪುಸ್ತಕ ತರ್ತಾರೆ. ಅನುಮತಿ ಬೇಕಾ?

ಚಿಂತಾಮಣಿ ವಕೀಲರು:
ಕಾಪಿರೈಟ್ ಇರೋದು ಬರೆದವರ ಜೀವಿತಾವಧಿ, ಆಮೇಲೆ 60 ವರ್ಷ. ಎಣಿಕೆ ತೀರಿಕೊಂಡ ಮರುವರ್ಷದ ಜನವರಿ 1ರಿಂದ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಹೋದದ್ದು 1946ರಲ್ಲಿ, ಅವರ ಜೀವಿತಕಾಲದಲ್ಲಿ ಪ್ರಕಟವಾದದ್ದೆಲ್ಲ 2007ರ ಜನವರಿ 1ರಿಂದ ಎಲ್ಲರದ್ದು. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಹೋದದ್ದು 1975ರಲ್ಲಿ, ಅಂದರೆ 2035ರ ಡಿಸೆಂಬರ್ 31ರವರೆಗೆ ರಕ್ಷಣೆ ಇದೆ. ಕಗ್ಗದ ಪದ್ಯ ಮನೆಯಲ್ಲಿ ಹೇಳಿಕೊಳ್ಳಿ, ಭಾಷಣದಲ್ಲಿ ಉಲ್ಲೇಖಿಸಿ, ತೊಂದರೆಯಿಲ್ಲ. ಟೀ ಶರ್ಟ್ ಮೇಲೆ, ಕ್ಯಾಲೆಂಡರ್ ಮೇಲೆ ಮುದ್ರಿಸಿ ಮಾರಬೇಕಾದರೆ ಹಕ್ಕುದಾರರ ಅನುಮತಿ ಬೇಕು. ಮಾಸ್ತಿಯವರದ್ದು 2046ರ ಕೊನೆವರೆಗೆ. ವಚನ, ದಾಸರ ಪದ ಎಲ್ಲರದ್ದೇ, ಆದರೆ ಯಾರೋ ವಿದ್ವಾಂಸರು ಬರೆದ ಅರ್ಥ, ಟಿಪ್ಪಣಿ, ಮುನ್ನುಡಿ ಅವರದ್ದು. ಮೂಲ ತಗೊಳ್ಳಿ, ಪುಸ್ತಕದ ಪುಟವನ್ನು ಸ್ಕ್ಯಾನ್ ಮಾಡಿ ಮಾರಬೇಡಿ.

ನಿಮ್ಮ ನಾಟಕಕ್ಕೆ ಸೆಕ್ಷನ್ 52 ನೆರಳಾಗಿದೆ. ಹವ್ಯಾಸಿ ಸಂಘ, ಟಿಕೆಟ್ ಇಲ್ಲದ ಪ್ರೇಕ್ಷಕರು, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ, ಹೀಗಿದ್ದರೆ ಆಡೋದು ಉಲ್ಲಂಘನೆ ಅಲ್ಲ. ನಾಟಕಕಾರರು ಇನ್ನೂ ರಕ್ಷಣೆಯ ಅವಧಿಯಲ್ಲಿದ್ದು, ನೀವು ಟಿಕೆಟ್ ಇಟ್ಟು ಲಾಭಕ್ಕೆ ಆಡಿದರೆ ಅನುಮತಿ ಬೇಕು. ಇನ್ನೊಂದು, ಆಡೋದಕ್ಕೆ ವಿನಾಯಿತಿ ಇದೆ ಅಂದರೆ ಪೂರ್ತಿ ನಾಟಕ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕೋಕೂ ವಿನಾಯಿತಿ ಇದೆ ಅಂತಲ್ಲ. ಅದು ಬೇರೆ ಹಕ್ಕು.

ಬಂಗಾರಪೇಟೆ ಫೋಟೊ:
ಹಾಗಾದರೆ ಮದುವೆಯಲ್ಲಿ ಸಿನಿಮಾ ಹಾಡು?

ಚಿಂತಾಮಣಿ ವಕೀಲರು:
ಮದುವೆ, ಮೆರವಣಿಗೆ, ಮದುವೆಗೆ ಹೊಂದಿಕೊಂಡ ಸಮಾರಂಭದಲ್ಲಿ ಹಾಡು ನುಡಿಸೋದಕ್ಕೆ ಅದೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. 2023ರ ಜುಲೈಯಲ್ಲಿ ಕೇಂದ್ರದ ಇಲಾಖೆಯೂ ಸಾರ್ವಜನಿಕ ಸೂಚನೆ ಹೊರಡಿಸಿ ಇದನ್ನೇ ಹೇಳಿದೆ. ಛತ್ರದಲ್ಲಿ ಯಾರಾದರೂ ಪರವಾನಗಿ ಶುಲ್ಕ ಕೇಳಿದರೆ ಅದನ್ನು ತೋರಿಸಿ. ಆದರೆ ನೀವು ಮಾಡೋ ಮದುವೆ ವಿಡಿಯೊಗೆ ಅದೇ ಹಾಡನ್ನು ಹಿನ್ನೆಲೆಗೆ ಜೋಡಿಸಿ ಯೂಟ್ಯೂಬಿಗೆ ಹಾಕಿದರೆ ಈ ವಿನಾಯಿತಿ ಬರಲ್ಲ. ಅಲ್ಲಿಗೆ ಪರವಾನಗಿ ಇರೋ ಸಂಗೀತ ಹಾಕಿ, ಗ್ರಾಹಕರ ಪೆನ್‌ಡ್ರೈವಿನ ಪ್ರತಿ ಬೇರೆ, ಯೂಟ್ಯೂಬಿನ ಪ್ರತಿ ಬೇರೆ ಮಾಡಿ.

ಶಿಡ್ಲಘಟ್ಟ ನೂಲು:
ರೇಷ್ಮೆ ಸೀರೆಗೆ ಹೊಸ ಅಂಚಿನ ವಿನ್ಯಾಸ ಬರೆಸಿದ್ದೇವೆ. ಚಿತ್ರ ತಾನೇ, ಕಾಪಿರೈಟ್ ತಾನಾಗೇ ಇರುತ್ತಲ್ಲ?

ಗುಬ್ಬಿ ಗೇಟ್:
ಇರುತ್ತೆ, 50 ಸೀರೆಯವರೆಗೆ. ಕಾಪಿರೈಟ್ ಕಾಯ್ದೆಯ ಸೆಕ್ಷನ್ 15 ಹೇಳೋದು: ಡಿಸೈನ್ ಆಗಿ ನೋಂದಾಯಿಸಬಹುದಾದದ್ದನ್ನು ನೋಂದಾಯಿಸದೆ ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಸಲ ಮಾಡಿದರೆ ಅದರ ಕಾಪಿರೈಟ್ ಅಲ್ಲಿಗೆ ಮುಗಿಯಿತು. ಮಗ್ಗದಿಂದ 51ನೇ ಸೀರೆ ಇಳಿಯುವ ಹೊತ್ತಿಗೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಅದಕ್ಕೆ 2000ದ ಡಿಸೈನ್ಸ್ ಕಾಯ್ದೆಯ ಕೆಳಗೆ ನೋಂದಾಯಿಸಿ. ವ್ಯಕ್ತಿಗೆ, ಸ್ಟಾರ್ಟ್‌ಅಪ್‌ಗೆ, ಸಣ್ಣ ಉದ್ದಿಮೆಗೆ ಶುಲ್ಕ 1,000. 10 ವರ್ಷ, ಇನ್ನೊಮ್ಮೆ 5 ವರ್ಷ. ಒಂದು ಷರತ್ತು, ಅರ್ಜಿಗೆ ಮುಂಚೆ ವಿನ್ಯಾಸ ಹೊರಗೆ ಕಾಣಿಸಿರಬಾರದು. ವ್ಯಾಪಾರಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಹಾಕಿ ‘ಹೇಗಿದೆ’ ಅಂತ ಕೇಳಿದ್ದರೆ ಆಗಲೇ ತಡವಾಯಿತು. ಮೊದಲು ಅರ್ಜಿ, ಆಮೇಲೆ ಸ್ಯಾಂಪಲ್.

ಪ್ರಾಜೆಕ್ಟ್ ಗೈಡ್ ತುಮಕೂರು:
ಈ ‘ಹೊರಗೆ ಕಾಣಿಸಬಾರದು’ ಅನ್ನೋದು ಪೇಟೆಂಟಿನಲ್ಲಿ ಇನ್ನೂ ಬಿಗಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಹಳ ಸಂಖ್ಯೆಯಲ್ಲಿ ಇಲ್ಲೇ ಬೀಳೋದು, ಅದಕ್ಕೆ ಸ್ವಲ್ಪ ವಿವರವಾಗಿ ಬರೀತೀನಿ.

ತೆಂಗಿನಕಾಯಿ ಸುಲಿಯೋ ಯಂತ್ರವನ್ನೇ ತಗೊಳ್ಳಿ. ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ತೋರಿಸ್ತಾರೆ, ಸ್ಥಳೀಯ ಪತ್ರಿಕೆಯಲ್ಲಿ ಫೋಟೊ, ಯೂಟ್ಯೂಬಿನಲ್ಲಿ ವಿಡಿಯೊ, ಆಮೇಲೆ ಪೇಟೆಂಟ್ ಕೇಳ್ತಾರೆ. ಹೊಸತನ ಅಲ್ಲಿಗೇ ಹೋಯಿತು, ತೋರಿಸಿದವರು ನೀವೇ ಆದರೂ. ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಕ್ಕೆ ಮಾತ್ರ 12 ತಿಂಗಳ ವಿನಾಯಿತಿ ಇದೆ. ಕಾಲೇಜಿನ ಹಾಲ್ ಅದರಲ್ಲಿ ಬರಲ್ಲ, ಕೃಷಿ ಮೇಳ ಬರುತ್ತೆ ಅಂತಲೂ ಅಂದುಕೊಳ್ಳಬೇಡಿ.

ದಾರಿ ಸುಲಭ. ತೋರಿಸೋ ಹಿಂದಿನ ವಾರ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ. ಫಾರಂ 1, ಫಾರಂ 2. ವ್ಯಕ್ತಿಗೆ ಆನ್‌ಲೈನ್ ಶುಲ್ಕ 1,600, ಅದರಲ್ಲಿ 30 ಪುಟ, 10 ಕ್ಲೇಮ್ (ಯಾವುದರ ಮೇಲೆ ಹಕ್ಕು ಕೇಳ್ತೀರಿ ಅನ್ನೋ ಸಾಲು). 2021ರಿಂದ ಶಿಕ್ಷಣ ಸಂಸ್ಥೆಗಳಿಗೂ ಇದೇ ದರ. 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಲೇಬೇಕು, ಕೊಡದಿದ್ದರೆ ಅರ್ಜಿ ಸತ್ತಂತೆ. ಪರೀಕ್ಷೆಗೆ ಫಾರಂ 18, ಇನ್ನೊಂದು 4,000. 2024ರ ಮಾರ್ಚ್ 15ರ ನಂತರ ಹಾಕಿದ ಅರ್ಜಿಗೆ ಇದನ್ನು 31 ತಿಂಗಳಲ್ಲಿ ಕೇಳಬೇಕು, ಹಳೇ 48 ತಿಂಗಳ ಲೆಕ್ಕ ಹಿಡಿದು ಕೂತವರು ಕಳಕೊಳ್ತಾರೆ. ಪರೀಕ್ಷಾ ವರದಿಗೆ 6 ತಿಂಗಳಲ್ಲಿ ಉತ್ತರ. ಸಿಕ್ಕರೆ ಅರ್ಜಿ ದಿನದಿಂದ 20 ವರ್ಷ, 3ನೇ ವರ್ಷದಿಂದ ಪ್ರತಿ ವರ್ಷ ನವೀಕರಣ ಶುಲ್ಕ.

ತಾತ್ಕಾಲಿಕ ಅಂದರೆ ಎರಡು ಪ್ಯಾರಾ ಬರೆದು ಬಿಸಾಕೋದು ಅಲ್ಲ. ಅದರಲ್ಲಿ ಇಲ್ಲದ್ದಕ್ಕೆ ಆ ದಿನಾಂಕ ಸಿಗಲ್ಲ. ಚಿತ್ರ ಬರೆದು ಪ್ರತಿ ಭಾಗಕ್ಕೂ ನಂಬರ್ ಹಾಕಿ: ರೋಲರ್ 10, ಅದರ ಹಲ್ಲು 12, ಅಂತರ ಹೊಂದಿಸೋ ಸ್ಪ್ರಿಂಗ್ 14. ಹಲ್ಲಿನ ಕೋನ ಎಷ್ಟರಿಂದ ಎಷ್ಟು, ಕಾಯಿಯ ಗಾತ್ರ ಬದಲಾದಾಗ ಸ್ಪ್ರಿಂಗ್ ಏನು ಮಾಡುತ್ತೆ, ಚಿಪ್ಪು ಒಡೆಯದ ಹಾಗೆ ಯಾವುದು ತಡೆಯುತ್ತೆ. ಹೊಸದು ಇರೋದು ಆ ಸ್ಪ್ರಿಂಗಿನಲ್ಲಾದರೆ ಅದನ್ನೇ ಮೂರು ಪುಟ ಬರೀರಿ. ‘ರೈತರಿಗೆ ಅನುಕೂಲ’ ಅನ್ನೋದು ಕ್ಲೇಮ್ ಅಲ್ಲ.

ಯಾವುದಕ್ಕೆ ಸಿಗಲ್ಲ ಅನ್ನೋದೂ ತಿಳಿದಿರಲಿ. 1970ರ ಕಾಯ್ದೆಯ ಸೆಕ್ಷನ್ 3ರಲ್ಲಿ ಪಟ್ಟಿ ಇದೆ. ಬೇಸಾಯದ ವಿಧಾನ, ಗಿಡ ಮತ್ತು ಪ್ರಾಣಿ, ಬರೀ ಕಂಪ್ಯೂಟರ್ ಪ್ರೋಗ್ರಾಂ, ವ್ಯಾಪಾರದ ವಿಧಾನ, ಬರೀ ಬೆರಕೆ, ಪರಂಪರೆಯಿಂದ ಬಂದ ತಿಳಿವಳಿಕೆ. ಅಜ್ಜಿಯ ಕಷಾಯಕ್ಕೆ ಪೇಟೆಂಟ್ ಇಲ್ಲ. ಮಾರುಕಟ್ಟೆಯ ತೇವಾಂಶ ಸೆನ್ಸರ್, ಮಾರುಕಟ್ಟೆಯ ಬೋರ್ಡ್, ಒಂದು ಆ್ಯಪ್ ಮೂರನ್ನೂ ಜೋಡಿಸಿ ಡ್ರಿಪ್ ನಿಯಂತ್ರಕ ಅಂದರೆ ಅದರಲ್ಲಿ ಹೊಸದೇನು ಅಂತ ಕೇಳ್ತಾರೆ. ಗೂಗಲ್ ಪೇಟೆಂಟ್ಸ್, ಎಸ್ಪಾಸ್‌ನೆಟ್, ನಮ್ಮ ಪೇಟೆಂಟ್ ಕಚೇರಿಯ ಇನ್‌ಪಾಸ್ ಮೂರರಲ್ಲೂ ಒಂದು ವಾರ ಹುಡುಕಿ. ಸಣ್ಣ ಸುಧಾರಣೆಗೆ ಕೆಲವು ದೇಶಗಳಲ್ಲಿ ಇರುವಂಥ ಕಿರು ಪೇಟೆಂಟ್ ನಮ್ಮಲ್ಲಿ ಇಲ್ಲ.

‘ಪೇಟೆಂಟ್ ಪ್ರಕಟವಾಯಿತು’ ಅಂತ ಫ್ಲೆಕ್ಸ್ ಹಾಕ್ತಾರಲ್ಲ, ದಯವಿಟ್ಟು ಮಕ್ಕಳಿಗೆ ಸತ್ಯ ಹೇಳಿ. ಹಿಂತೆಗೆದುಕೊಳ್ಳದ ಪ್ರತಿ ಅರ್ಜಿಯೂ 18 ತಿಂಗಳಾದ ಮೇಲೆ ಪ್ರಕಟವಾಗುತ್ತೆ, 2,500 ಕಟ್ಟಿ ಫಾರಂ 9 ಕೊಟ್ಟರೆ ಬೇಗ. ಆಗ ಇನ್ನೂ ಯಾರೂ ಪರೀಕ್ಷೆ ಮಾಡಿರಲ್ಲ. ಸಿಕ್ಕಿದ್ದು ಅಂದರೆ ಅದಕ್ಕೆ ಪೇಟೆಂಟ್ ಸಂಖ್ಯೆ ಇರುತ್ತೆ. ಸಂಶೋಧಕರ ಜಾಗದಲ್ಲಿ ಕೆಲಸ ಮಾಡಿದ ವಿದ್ಯಾರ್ಥಿಗಳ ಹೆಸರು ಬಿಟ್ಟು ಕೆಲಸ ಮಾಡದವರ ಹೆಸರು ಹಾಕೋದೂ ಅನ್ಯಾಯ. ಒಡೆತನ ಕಾಲೇಜಿಗೆ ಬೇಕಾದರೆ ವರ್ಗಾವಣೆ ಪತ್ರ ಬರೆಸಿಕೊಳ್ಳಲಿ.

ಹಿರೇಹಳ್ಳಿ ತೋಟ:
ಗಿಡಕ್ಕೆ ಪೇಟೆಂಟ್ ಇಲ್ಲ ಅಂದಿರಿ, ನಿಜ. ಆದರೆ ತಳಿಗೆ ಬೇರೆ ಕಾಯ್ದೆ ಇದೆ, 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಗುಬ್ಬಿ ತಾಲ್ಲೂಕು ಚೇಳೂರಿನ ‘ಸಿದ್ದು’ ಹಲಸು ಎಲ್ಲರಿಗೂ ಗೊತ್ತಲ್ಲ, ಕೆಂಪು ತೊಳೆಯದ್ದು. ತೋಟಗಾರಿಕೆ ಸಂಶೋಧನಾ ಸಂಸ್ಥೆ ಆ ಮರದ ಗುಣ ಗುರುತಿಸಿ, 2017ರಲ್ಲಿ ರೈತರ ಜೊತೆಗೇ ಒಪ್ಪಂದ ಮಾಡಿಕೊಂಡು ಸಸಿ ಬೆಳೆಸಿತು. ಮನೆ ಹಿತ್ತಲಲ್ಲಿ ಅಪರೂಪದ ಹಲಸು, ಹುಣಸೆ, ಮಾವು ಇದ್ದವರು ಮೊದಲು ಕಸಿಗೆ ಅಂತ ಕುಡಿ ಕೊಟ್ಟು ಕಳಿಸಬೇಡಿ. ರೈತರ ತಳಿ ಅಂತ ನೋಂದಾಯಿಸೋಕೆ ರೈತರಿಂದ ಶುಲ್ಕ ಇಲ್ಲ. ಮರಗಳಿಗೆ 18 ವರ್ಷ, ಉಳಿದ ಬೆಳೆಗೆ 15 ವರ್ಷ ರಕ್ಷಣೆ. ಬೇರೆಯವರು ನೋಂದಾಯಿಸಿದ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಬಿತ್ತಬಹುದು, ಪಕ್ಕದವರಿಗೆ ಕೊಡಬಹುದು, ಮಾರಲೂಬಹುದು, ಬ್ರ್ಯಾಂಡ್ ಹೆಸರು ಹಾಕಿ ಪ್ಯಾಕೆಟ್ ಮಾಡಿ ಮಾತ್ರ ಮಾರಬಾರದು.

ಗುಬ್ಬಿ ಗೇಟ್:
ಚಿಕ್ಕಬಳ್ಳಾಪುರ, ಕೋಲಾರದ ದ್ರಾಕ್ಷಿ ಮತ್ತು ಈರುಳ್ಳಿ ಬೆಳೆಗಾರರಿಗೆ ಒಂದು ಸೇರಿಸ್ತೀನಿ. ಬೆಂಗಳೂರು ನೀಲಿ ದ್ರಾಕ್ಷಿಗೂ ಬೆಂಗಳೂರು ಗುಲಾಬಿ ಈರುಳ್ಳಿಗೂ ಜಿಐ, ಅಂದರೆ ಭೌಗೋಳಿಕ ಸೂಚಿ ಇದೆ. ಹೆಸರಲ್ಲಿ ಬೆಂಗಳೂರು ಇದ್ದರೂ ಬೆಳೆಯೋ ಪ್ರದೇಶದಲ್ಲಿ ನಿಮ್ಮ ಜಿಲ್ಲೆಗಳು ಸೇರಿವೆ. ಜಿಐ ಸಂಘದ್ದು, ಪ್ರದೇಶದ್ದು, ಯಾರೂ ಅದನ್ನು ಮಾರುವ ಹಾಗಿಲ್ಲ, ತಮ್ಮ ಟ್ರೇಡ್‌ಮಾರ್ಕ್ ಮಾಡಿಕೊಳ್ಳುವ ಹಾಗೂ ಇಲ್ಲ. ನೀವು ಆ ಪ್ರದೇಶದ ಬೆಳೆಗಾರರಾದರೆ ‘ಅಧಿಕೃತ ಬಳಕೆದಾರ’ ಅಂತ ಜಿಐ-3 ಫಾರಂ ಹಾಕಿ ಹೆಸರು ಸೇರಿಸಿಕೊಳ್ಳಿ. 2020ರಲ್ಲಿ ಅದರ ಶುಲ್ಕ 10 ರೂಪಾಯಿಗೆ ಇಳಿದಿದೆ. ರಫ್ತಿಗೆ ಡಬ್ಬಿ ಮೇಲೆ ಜಿಐ ಗುರುತು ಹಾಕೋಕೆ ಅದು ಬೇಕು.

ಬಟವಾಡಿ ಹಿಟ್ಟಿನ ಗಿರಣಿ:
ನೋಟಿಸಿನ ನಂಬರ್ ಹಾಕಿ ನೋಡಿದೆ. ಸ್ಟೇಟಸ್ ‘ಅಪೋಸ್ಡ್’. ಕ್ಲಾಸ್ 30. ಅರ್ಜಿ 2021ರದ್ದು, ಬಳಕೆ 2019ರಿಂದ ಅಂತ ಬರೆದಿದ್ದಾರೆ. ನಮ್ಮ ಹತ್ತಿರ 2015ರಿಂದ ಪ್ರೆಸ್ ಬಿಲ್ ಸಿಕ್ಕಿತು, 2014ರದ್ದು ಸಿಗ್ತಿಲ್ಲ.

ಚಿಂತಾಮಣಿ ವಕೀಲರು:
ಹಾಗಾದರೆ 2015 ಅಂತಲೇ ಬರೀರಿ, ಕಾಗದ ಇರುವಷ್ಟೇ. ಒಂದು ವರ್ಷ ಹೆಚ್ಚಿಗೆ ಹೇಳಿ ಅದು ಸಾಬೀತಾಗದಿದ್ದರೆ ಉಳಿದ ಹತ್ತು ವರ್ಷದ ಕಾಗದವನ್ನೂ ಅನುಮಾನದಿಂದ ನೋಡ್ತಾರೆ. ಅವರ 2019ಕ್ಕಿಂತ ನಿಮ್ಮದು ಮೊದಲು, ಅಷ್ಟು ಸಾಕು.

ಉತ್ತರ ಅವರು ಹೇಳಿದ 15 ದಿನದೊಳಗೆ, ವಕೀಲರ ಮೂಲಕ, ಸ್ಪೀಡ್ ಪೋಸ್ಟ್‌ನಲ್ಲಿ. ಒಂದೇ ಪುಟ ಇರಲಿ: ನಿಮ್ಮ ಗುರುತು ನೋಂದಣಿಯಾಗಿಲ್ಲ, ವಿರೋಧದಲ್ಲಿದೆ, ನಮ್ಮ ಬಳಕೆ 2015ರಿಂದ, ನಿಮ್ಮ ಬೇಡಿಕೆ ಒಪ್ಪುವುದಿಲ್ಲ. ಬಿಲ್ಲುಗಳ ಪ್ರತಿ ಈಗಲೇ ಕಳಿಸಬೇಡಿ, ಇವೆ ಅಂತ ಹೇಳಿ. ‘ಗೊತ್ತಿರಲಿಲ್ಲ, ಕ್ಷಮಿಸಿ, ಇರೋ ಕವರ್ ಮುಗಿಸ್ತೀವಿ’ ಅಂತ ಒಂದು ಸಾಲೂ ಬರೆಯಬೇಡಿ, ಅದು ಒಪ್ಪಿಕೊಂಡ ಹಾಗೆ. ಅವರು ನಿಮ್ಮ ಅಂಗಡಿಗಳಿಗೂ ಬೆದರಿಸಿ ಪತ್ರ ಕಳಿಸೋಕೆ ಶುರು ಮಾಡಿದರೆ ಆ ಪತ್ರ ಇಸಿದುಕೊಂಡು ಇಟ್ಟುಕೊಳ್ಳಿ. ಆಧಾರವಿಲ್ಲದ ಬೆದರಿಕೆ ವಿರುದ್ಧ ಸೆಕ್ಷನ್ 142ರ ಕೆಳಗೆ ದಾವೆ ಹಾಕಬಹುದು.

ಗುಬ್ಬಿ ಗೇಟ್:
ನಿಮ್ಮ ಟಿಎಂ-ಎ ಈ ವಾರವೇ ಹೋಗಲಿ, 30ನೇ ಕ್ಲಾಸ್, 2015ರ ದಿನಾಂಕ, ಅಫಿಡವಿಟ್ ಜೊತೆ. ಅವರ ಅರ್ಜಿ ಮೊದಲು ಇರೋದರಿಂದ ನಿಮ್ಮ ಪರೀಕ್ಷಾ ವರದಿಯಲ್ಲಿ ಅದನ್ನು ಸೆಕ್ಷನ್ 11ರಲ್ಲಿ ತೋರಿಸ್ತಾರೆ, ಗಾಬರಿಯಾಗಬೇಡಿ. ಅದಕ್ಕೆ ಕೊಡೋ ಉತ್ತರವೂ ಇದೇ ಬಿಲ್ಲುಗಳೇ. ಅವರನ್ನು ವಿರೋಧಿಸಿರೋದು ಯಾರು ಅಂತ ಅದೇ ಪುಟದ ದಾಖಲೆಗಳಲ್ಲಿ ತೆಗೆದು ನೋಡಿ, ಮೂರನೆಯವರು ಯಾರೋ 2015ಕ್ಕಿಂತ ಹಿಂದಿನಿಂದ ಅದೇ ಹೆಸರು ಬಳಸ್ತಿದ್ದರೆ ಅದು ಈಗಲೇ ನಿಮಗೆ ಗೊತ್ತಿರಬೇಕು.